ಅವರು ಅಂದರೆ ಎಷ್ಟು ಮಂದಿ

ಮೊದಲು ಬಿದ್ದದ್ದು ಪೆನ್ನು.

ದಸರೆ ಮುಗಿದು ನಾಲ್ಕು ದಿನವಾಗಿತ್ತು. ಸೊಸೆ ಸುವರ್ಣಾ ಅಡುಗೆಮನೆಯ ಕಿಟಕಿಯ ಕೆಳಗೆ ಕುಳಿತು ಬರೆಯುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಪೆನ್ನು ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು.

“ಬೆರಳು ಜುಮ್ಮ ಅನ್ನಾಕತ್ತಾವ್ರಿ ಅತ್ತಿ,” ಎಂದಳು.

“ಮುಂಜಾನಿಂದ ಬರಕೋತ ಕುಂತ್ರ ಮತ್ತೇನಾಗ್ತದ? ಏಳು, ಚಾ ಕುಡಿ,” ಎಂದೆ.

ಚಹಾದಿಂದ ಹೋಗುವಂಥದ್ದಲ್ಲ ಅದು ಎಂದು ನನಗೆ ಹೇಗೆ ಗೊತ್ತಾಗಬೇಕು. ಮರುದಿನ ಆಕೆಗೆ ನೆಲದಿಂದ ಏಳಲು ಆಗಲಿಲ್ಲ. ಮೂರನೆಯ ದಿನ ಕುಡಿದ ನೀರು ತುಟಿಯ ಕೊನೆಯಿಂದ ಹೊರಗೆ ಬಂತು. ಮಗ ಪ್ರಭು ಹುಮನಾಬಾದಿನಲ್ಲಿ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನೇ ಜೀಪು ತಂದ. ಹುಮನಾಬಾದಿನ ಡಾಕ್ಟರು ಸಣ್ಣ ಸುತ್ತಿಗೆಯಿಂದ ಆಕೆಯ ಮೊಣಕಾಲಿಗೆ ಬಡಿದರು. ಕಾಲು ಎಗರಲಿಲ್ಲ. ಡಾಕ್ಟರ ಮುಖ ಬದಲಾಯಿತು.

“ಈಗಿಂದೀಗ ಕಲಬುರಗಿಗೆ ಒಯ್ರಿ. ದಾರ್ಯಾಗ ಎಲ್ಲೂ ನಿಲ್ಲಬ್ಯಾಡ್ರಿ.”

ನಾವು ಎಲ್ಲೂ ನಿಲ್ಲಲಿಲ್ಲ.

ರೋಗದ ಹೆಸರು ಗಿಲನ್ ಬಾರೆ ಸಿಂಡ್ರೋಮ್. ಎಲ್ಲರೂ ಜಿಬಿಎಸ್ ಎನ್ನುತ್ತಿದ್ದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ನರಗಳ ಮೇಲೆ ಬೀಳುತ್ತದಂತೆ. ಮನೆಯ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ ಎಂದು ನಾನು ತಿಳಿದುಕೊಂಡೆ. ಐದು ದಿನ ಇಂಜೆಕ್ಷನ್ ಬಾಟಲಿಗಳು ಏರಿದವು. ದಿನಕ್ಕೆ ಮೂರು ಸಲ ಡಾಕ್ಟರು ಬಂದು, “ಒಂದೇ ಉಸಿರಿನ್ಯಾಗ ಎಣಿಸ್ರಿ, ಎಷ್ಟಕ್ಕ ನಿಲ್ತೀರಿ ನೋಡೋಣ,” ಎನ್ನುತ್ತಿದ್ದರು. ಇಪ್ಪತ್ತು ದಾಟಿದರೆ ಚೆನ್ನ. ತೀರ ಇಳಿದರೆ ವೆಂಟಿಲೇಟರ್.

ಮೊದಲ ದಿನ ಹದಿಮೂರು. ಮರುದಿನ ಒಂಬತ್ತು.

ಆಮೇಲೆ ಏಳು.

ವೆಂಟಿಲೇಟರನ್ನು ತಂದು ಮಂಚದ ಪಕ್ಕದಲ್ಲಿ ನಿಲ್ಲಿಸಿದರು. ನಾನು ಐಸಿಯು ಬಾಗಿಲ ಹೊರಗೆ ಕುಳಿತು ನನ್ನ ಉಸಿರು ಹಿಡಿದು ಎಣಿಸುತ್ತಿದ್ದೆ. ಮೂವತ್ತರವರೆಗೆ ಹೋಗುತ್ತಿತ್ತು. ಅರವತ್ತೆಂಟು ವರ್ಷದ ಮುದುಕಿಗೆ ಮೂವತ್ತು, ಮೂವತ್ತನಾಲ್ಕರ ಹುಡುಗಿಗೆ ಏಳು. ಈ ಲೆಕ್ಕ ಯಾವ ದೇವರದು ಎಂದು ಕೇಳಿದೆ. ಎರಡು ದಿನ ಏಳಕ್ಕೇ ನಿಂತದ್ದು ಆರನೆಯ ದಿನ ಹನ್ನೊಂದಾಯಿತು. ಹನ್ನೊಂದು! ಮೊಮ್ಮಗಳು ಮೇಘಾ ಹುಟ್ಟಿದ ಸುದ್ದಿ ಕೇಳಿದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ವೆಂಟಿಲೇಟರನ್ನು ಹಾಗೆಯೇ ತಿರುಗಿ ಒಯ್ದರು.

ಬಿಡುಗಡೆ ಮಾಡುವಾಗ ಡಾಕ್ಟರು ಹೇಳಿದ್ದು ಇಷ್ಟು: “ಜೀವದ ಚಿಂತಿ ಬಿಡ್ರಿ. ನಡಿಗಿ ಬರ್ತದ. ಕೈ ಬೆರಳು ಯಾವಾಗ, ಎಷ್ಟು ಅಂತ ಈಗ ಹೇಳಾಕ ಬರಂಗಿಲ್ಲ.”

ಸುವರ್ಣಾ ತನ್ನ ಕೈಗಳನ್ನು ನೋಡಿಕೊಂಡಳು. ಆಕೆಗೆ ಬೇಕಾದದ್ದು ಬೆರಳೇ.

ನನ್ನ ಸೊಸೆ ಪುಸ್ತಕ ಬರೆಯುವವಳು. ವರ್ಷಕ್ಕೊಂದು. ಪತ್ತೇದಾರಿ ಕಥೆಗಳೇ, ಆದರೆ ಅವುಗಳಲ್ಲಿ ಕೊಲೆ ಇಲ್ಲ, ರಕ್ತ ಇಲ್ಲ. ಮದುವೆ ಮನೆಯಿಂದ ಬೆಳ್ಳಿಯ ಸಮೆ ದೀಪ ಕಾಣೆಯಾಗುತ್ತದೆ, ಒಬ್ಬರ ಮನೆಯ ಉಪ್ಪಿನಕಾಯಿ ಇನ್ನೊಬ್ಬರ ಭರಣಿಯಲ್ಲಿ ಸಿಗುತ್ತದೆ. ಹುಡುಕುವವಳು ಶಾಂತಾಬಾಯಿ ಎಂಬ ಬಟ್ಟೆ ಹೊಲಿಯುವ ಹೆಂಗಸು. ಸುವರ್ಣಾ ಶ್ರಾವಣದಲ್ಲಿ ಕಳ್ಳ ಯಾರೆಂದು ಗೊತ್ತು ಮಾಡಿಕೊಳ್ಳುತ್ತಾಳೆ, ದಸರೆಗೆ ಅರ್ಧ ಬರೆಯುತ್ತಾಳೆ, ಸಂಕ್ರಾಂತಿಗೆ ಮುಗಿಸುತ್ತಾಳೆ. ಸಾರಿಗೆ ಒಗ್ಗರಣೆ ಹಾಕುತ್ತಲೇ, “ಅತ್ತಿ, ಕಳ್ಳ ಒಳಗ ಬಂದ್ರ ನಾಯಿ ಯಾಕ ಬೊಗಳಲಿಲ್ಲ?” ಎಂದು ಕೇಳುತ್ತಾಳೆ. “ನಾಯಿಗಿ ರೊಟ್ಟಿ ಹಾಕಿದ್ದವನೇ ಅವ ಇರಬೇಕು,” ಎನ್ನುತ್ತೇನೆ ನಾನು. ನಮ್ಮ ಮನೆ ಹೀಗೆ ನಡೆಯುತ್ತಿತ್ತು.

ಈ ಸಲದ ಪುಸ್ತಕ ಅರ್ಧಕ್ಕೆ ನಿಂತಿತು. ಶಾಲೆಯೊಂದರ ಗಂಟೆ ಕಾಣೆಯಾದ ಕಥೆ. ಒಯ್ದವನು ಶಾಲೆಯ ಎದುರು ಗಡಿಯಾರ ರಿಪೇರಿ ಮಾಡುವ ಅಜ್ಜ. ಸೀಳುಬಿಟ್ಟ ಗಂಟೆಯ ಸದ್ದು ಕೇಳಲಾರದೆ, ಬೆಸೆದು ತಂದಿಡೋಣವೆಂದು ಒಯ್ದಿರುತ್ತಾನೆ. ಅದು ಶಾಂತಾಬಾಯಿಗೆ ಹೇಗೆ ತಿಳಿಯಬೇಕು ಎಂಬುದು ಮಾತ್ರ ಸುವರ್ಣಾಳಿಗೆ ಹೊಳೆದಿರಲಿಲ್ಲ.

ನಮ್ಮೂರು ಬಸವಕಲ್ಯಾಣಕ್ಕೆ ಮರಳಿದ ಮೇಲಿನ ದಿನಗಳನ್ನು ನೆನೆದರೆ ಈಗಲೂ ಸೊಂಟ ನೋಯುತ್ತದೆ. ಎತ್ತಿ ಕೂರಿಸುವುದು, ಒರಗಿಸುವುದು, ತಲೆ ಬಾಚುವುದು, ತುತ್ತು ಇಡುವುದು. ಮೇಘಾಳನ್ನು ಶಾಲೆಗೆ ಕಳಿಸುವುದು. ಬಟ್ಟೆ ಒಗೆಯುವುದು, ಭಾಂಡೆ ತಿಕ್ಕುವುದು. ಮತ್ತೆ ಎತ್ತಿ ಕೂರಿಸುವುದು. ಅದಕ್ಕಿಂತ ಕಷ್ಟವಾದದ್ದು ಆಕೆಯ ಮುಖ. ಮುಖದ ನರಗಳೂ ಸೋತಿದ್ದವು. ನಗು ಇಲ್ಲ, ಅಳು ಇಲ್ಲ, ಗೋಡೆಯ ಹಾಗೆ. ತುಟಿ ಕೂಡದ್ದರಿಂದ ಮೇಘಾ ಎನ್ನಲು ಹೋದರೆ “ಏಘಾ” ಎಂದಾಗುತ್ತಿತ್ತು.

ಒಂದು ದಿನ ಮೇಘಾ ನನ್ನ ಸೆರಗು ಹಿಡಿದು ಕೇಳಿದಳು, “ಆಯಿ, ಅವ್ವ ನನ್ನ ಮ್ಯಾಲ ಸಿಟ್ಟಾಗ್ಯಾಳೇನು?”

ಆರು ವರ್ಷದ ಕೂಸಿಗೆ ನರದ ಕಥೆ ಏನು ಹೇಳಲಿ.

ಎಳ್ಳಮಾವಾಸ್ಯೆ ಕಳೆದ ಮೇಲೆ ಹಿಡಿದುಕೊಂಡು ನಡೆಯುವಷ್ಟಾದಳು. ಮಾತೂ ತಿಳಿಯಾಯಿತು. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಹುಮನಾಬಾದಿಗೆ ಫಿಸಿಯೋಥೆರಪಿಗೆ ಹೋಗುತ್ತಿದ್ದೆವು. ಅಲ್ಲಿ ನಸ್ರೀನ್ ಎಂಬ ಹುಡುಗಿ ಇದ್ದಳು, ಬಾಯಿ ಬಹಳ ಜೋರು. “ಇಲ್ಲಿಯ ರಬ್ಬರ್ ಚಂಡು ಸಾಲಂಗಿಲ್ಲ. ಮನ್ಯಾಗ ಕಣಕ ನಾದ್ರಿ. ಅತ್ತಿ ಬೈತಾರಂತ ಅಂಜಿಯಾದ್ರೂ ಬೆರಳು ಕೆಲಸ ಮಾಡ್ತಾವ,” ಎನ್ನುತ್ತಿದ್ದಳು. ನಾನು, “ಬೈಯೂದು ಬಿಟ್ಟು ಮೂರು ತಿಂಗಳಾತು, ಬಾಯಿ ತುಕ್ಕು ಹಿಡದದ,” ಎಂದರೆ, “ಇಬ್ಬರಿಗೂ ಎಕ್ಸರ್‌ಸೈಜ್ ಬೇಕು ಹಂಗಾದ್ರ,” ಎನ್ನುವಳು. ಪೆನ್ನಿಗೆ ಅರಿವೆ ಸುತ್ತಿ ದಪ್ಪ ಮಾಡಿ ಕೊಟ್ಟದ್ದೂ ಅವಳೇ. ಸುವರ್ಣಾ ಅದನ್ನು ಒಮ್ಮೆ ಹಿಡಿದಳು. ಕಾಗದದ ಮೇಲೆ ಒಂದು ಗೆರೆ ಅಡ್ಡಾದಿಡ್ಡಿ ಹರಿಯಿತು. ಪೆನ್ನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಮತ್ತೆ ಮುಟ್ಟಲಿಲ್ಲ.

ಫೋನಿಗೆ ಹೇಳಿದರೆ ಅದೇ ಬರೆಯುತ್ತದೆಂದು ಪ್ರಭು ತೋರಿಸಿಕೊಟ್ಟ. ಆಕೆ ಗಂಟೆ ಎಂದರೆ ಅದು ತಂಟೆ ಎಂದು ಬರೆಯಿತು. ಕೊನೆಗೆ ನಾನೇ ಕುಳಿತೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆಕೆ ಹೇಳುವುದು, ನಾನು ಬರೆಯುವುದು. ದಿನಕ್ಕೊಂದು ಪುಟ, ಕೆಲವು ದಿನ ಅರ್ಧ. ಒತ್ತಕ್ಷರ ಬಂದಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ.

ಹತ್ತು ಪುಟವಾದ ಮೇಲೆ, ಒಂದು ಮಧ್ಯಾಹ್ನ ಹುಮನಾಬಾದ್ ಬಸ್ ನಿಲ್ದಾಣದ ಬೆಂಚಿನ ಮೇಲೆ, ಬರೆದದ್ದನ್ನು ಓದಿ ಹೇಳಿರಿ ಎಂದಳು. ಓದಿದೆ. “ಅವರು ಗಡಿಯಾರ ಬಿಚ್ಚಿದರು. ಅವರು ಚಹಾ ಕುಡಿದರು. ಅವರು ಶಾಲೆಯ ಕಡೆ ನೋಡಿದರು.”

“ಅತ್ತಿ, ಎಷ್ಟು ಮಂದಿ ಬಂದಾರ್ರಿ ಇವರು? ನಾ ಒಬ್ಬನ್ನ ಕಳಿಸಿದ್ದೆ.”

“ಒಬ್ಬರೇ ಅದಾರ.”

“ಹೆಸರೆಲ್ಲಿ ಹೋತು? ನಾ ಹೇಳಿದ್ನಲ್ಲ.”

“ಬರಿಯಾಕ ಬರಲಿಲ್ಲ.”

“ಒತ್ತಕ್ಷರ ತಿಳೀಲಿಲ್ಲೇನ್ರಿ?”

“ಅಕ್ಷರ ತಿಳೀತದ. ಅದು ನಿಮ್ಮ ಮಾವನವರ ಹೆಸರು.”

ನನ್ನ ಯಜಮಾನರಿಗೆ ಕಾಗದಪತ್ರದಲ್ಲಿ ಒಂದು ಹೆಸರು, ಮನೆಯಲ್ಲಿ ಹಿರಿಯರು ಕರೆಯುವುದು ಇನ್ನೊಂದು. ಈಕೆ ಸೊಸೆಯಾಗಿ ಬರುವ ಮೊದಲೇ ಅವರು ತೀರಿಹೋಗಿದ್ದರು. ಮನೆಯ ಹೆಸರು ಈಕೆಗೆ ತಿಳಿದಿರಲಿಲ್ಲ. ಮೊದಲರ್ಧದಲ್ಲಿ ಬರೀ ಗಡಿಯಾರದ ಅಜ್ಜ ಎಂದಿದ್ದವನಿಗೆ ಈಗ ತಿಳಿಯದೆಯೇ ಅದೇ ಹೆಸರು ಇಟ್ಟಿದ್ದಳು. ಗಂಡನ ಹೆಸರನ್ನು ನಮ್ಮ ಕಾಲದವರು ಬಾಯಿಂದ ಹೇಳುವುದಿಲ್ಲ. ಮದುವೆ, ಸೀಮಂತದಲ್ಲಿ ಒತ್ತಾಯ ಮಾಡಿದರೆ ಒಡಪಿನ ಪದ್ಯ ಕಟ್ಟಿ ಅದರಲ್ಲಿ ಸೇರಿಸಿ ಹೇಳಿ ಓಡಿಹೋಗುತ್ತಿದ್ದೆವು. ಬರೆಯುವುದಂತೂ ನನ್ನಿಂದಾಗಲಿಲ್ಲ.

ಸುವರ್ಣಾ ನನ್ನನ್ನು ನೋಡುತ್ತಲೇ ಇದ್ದಳು. ಆಮೇಲೆ ಆಕೆಯ ತುಟಿಯ ಎಡಗಡೆಯ ಕೊನೆ ಅಲುಗಿತು. ಸ್ವಲ್ಪ ಮೇಲೆ ಹೋಯಿತು.

ನಕ್ಕಳು.

ಅರ್ಧ ಮುಖದ ನಗು. ಬಲಗಡೆ ಇನ್ನೂ ಮಲಗಿತ್ತು. ಬಸವಕಲ್ಯಾಣದ ಬಸ್ಸು ಬಂತು, ತುಂಬಿತು, ಹೋಯಿತು. ನಾವು ಏಳಲಿಲ್ಲ.

“ಸಿಕ್ತು,” ಎಂದಳು. “ಗಂಟಿ ಯಾರು ಒಯ್ದ್ರು ಅಂತ ಶಾಂತಾಬಾಯಿ ಆ ಅಜ್ಜನ ಹೇಣ್ತೀನ್ನ ಕೇಳ್ತಾಳ. ಆಕಿ ‘ಅವರು ಒಯ್ದ್ರು’ ಅಂತಾಳ. ಊರವರೆಲ್ಲ ನಾಕೈದು ಮಂದಿ ಕಳ್ಳರು ಅಂತ ಹುಡುಕ್ತಾರ. ಆಕಿ ಖರೇನೇ ಹೇಳಿರ್ತಾಳ, ‘ಅವರು’ ಅಂದ್ರ ಆಕಿ ಗಂಡ.”

“ನನ್ನ ತಪ್ಪು ಪುಸ್ತಕಕ್ಕ ಹಾಕ್ತೀಯೇನು?”

“ತಪ್ಪಲ್ಲ ಬಿಡ್ರಿ. ನಾ ಆರು ತಿಂಗಳಿಂದ ಹುಡುಕಾಕತ್ತಿದ್ದೆ.”

ಮನೆಗೆ ಬಂದಾಗ ಮೇಘಾ ಅವ್ವನ ಬಾಯಿಯ ಬಲಕೊನೆಯನ್ನು ಬೆರಳಿನಿಂದ ಮೇಲೆತ್ತಿ ಹಿಡಿದು, “ಈಗ ಪೂರ್ತಿ ಆತು,” ಎಂದಳು.

ಯುಗಾದಿ ಕಳೆದು ಕೊನೆಯ ಪುಟ ಬಂತು. ಎಲ್ಲರೆದುರು ಶಾಂತಾಬಾಯಿ ಹೇಳುತ್ತಾಳೆ: ಗಂಟೆ ಒಯ್ದವರು ಬೇರೆ ಯಾರೂ ಅಲ್ಲ. ಅದರ ಮುಂದೆ ಹೆಸರು. ನಾನು ಪೆನ್ನು ನಿಲ್ಲಿಸಿದೆ.

“ಇಲ್ಲಿ ‘ಅವರು’ ಅಂದ್ರ ನಡಿಯಂಗಿಲ್ರಿ ಅತ್ತಿ. ಓದೋ ಮಂದಿ ಮನಿಗೆ ಬಂದು ಜಗಳ ತಗೀತಾರ.”

“ಜಾಗಾ ಬಿಡ್ತೀನಿ. ಪ್ರಭು ಬಂದು ಬರೀಲಿ.”

ಆಕೆ ಖಾಲಿ ಜಾಗವನ್ನು ನೋಡಿದಳು. ನನ್ನನ್ನು ನೋಡಿದಳು.

“ಪೆನ್ ಕೊಡ್ರಿ.”

ಅರಿವೆ ಸುತ್ತಿದ ಪೆನ್ನು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದಳು. ಒಲೆಯ ಮೇಲೆ ಹಾಲು ಉಕ್ಕಿತು, ವಾಸನೆ ಬಂತು, ನಾನು ಎದ್ದು ಹೋಗಲಿಲ್ಲ. ಒಂದು ಅಕ್ಷರ. ನಿಂತಳು. ಇನ್ನೊಂದು. ಮೇಘಾ ಮೊದಲ ವರ್ಷ ಬರೆಯುತ್ತಿದ್ದಂಥ ದೊಡ್ಡ, ವಾಲಿದ ಅಕ್ಷರಗಳು, ಬಿಟ್ಟ ಜಾಗ ಸಾಲದೆ ಅಂಚಿನವರೆಗೆ ಹೋದವು. ನಾನು ಮನಸ್ಸಿನಲ್ಲೇ ಓದಿಕೊಂಡೆ. ಅವರು ಹೋಗಿ ಹತ್ತೊಂಬತ್ತು ವರ್ಷದ ಮೇಲೆ ನಮ್ಮ ಮನೆಯೊಳಗೆ ಆ ಹೆಸರು ಬಂದು ಕುಳಿತಿತ್ತು. ಸುಟ್ಟ ಹಾಲಿನ ಪಾತ್ರೆಯನ್ನು ಆವತ್ತು ಖುಷಿಯಿಂದ ತಿಕ್ಕಿದೆ.

ಈಗಲೂ ಆಕೆಯ ಎಡಪಾದ ಎಳೆಯುತ್ತದೆ. ಸಂಜೆಯಾದರೆ ಬೆರಳು ಸೋಲುತ್ತವೆ. ಇನ್ನೂ ಒಂದು ವರ್ಷ ಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ನನಗೂ ದಣಿವು ಹೋಗಿಲ್ಲ. ಬಸ್ಸಿನ ಮೆಟ್ಟಿಲು ದಿನದಿಂದ ದಿನಕ್ಕೆ ಎತ್ತರವಾಗುತ್ತಿವೆ. ಆದರೂ ಶ್ರಾವಣ ಬಂದಿದೆ, ನಿನ್ನೆ ಒಗ್ಗರಣೆ ಹಾಕುತ್ತಾ ಆಕೆ ಹೊಸ ಕಳ್ಳನ ಬಗ್ಗೆ ಕೇಳಿದಳು.

ಇದನ್ನು ನಾನೇ ಬರೆದಿದ್ದೇನೆ, ಕಾಗುಣಿತ ತಿದ್ದಿದವಳು ಸುವರ್ಣಾ. ಅವರ ಹೆಸರನ್ನು ಇಲ್ಲಿಯೂ ನಾನು ಬರೆದಿಲ್ಲ. ನಾನು ಬರೆಯಬೇಕಾಗಿಯೂ ಇಲ್ಲ. ಬರೆಯುವವಳು ಮನೆಯಲ್ಲಿದ್ದಾಳೆ.