ನೋಡದ ಡಿಗ್ರಿ

ಪೆರುಮಾಳಣ್ಣ ನಮ್ಮ ಔಷಧಿ ಕೋಣೆಗೆ ಮೊದಲ ಸಲ ಬಂದದ್ದು ಒಂದು ಸ್ಟೀಲ್ ಚೊಂಬಿನ ತುಂಬ ಪುಡಿ ಐಸ್ ಹಿಡಿದುಕೊಂಡು. ಎದುರಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಕೇಳಿ ತಂದು, ಟವೆಲಿನಲ್ಲಿ ಸುತ್ತಿ ತಾವೇ ಕುಟ್ಟಿದ್ದರು. ನಾನು ತರಿಸಿಟ್ಟಿದ್ದ ಉಷ್ಣತೆ ಅಳೆಯುವ ಯುಎಸ್‌ಬಿ ಸೆನ್ಸರಿನ ತುದಿಯನ್ನು ಅದರೊಳಗೆ ಹುಗಿದು ಕೂತರು.

"ಐಸಲ್ಲಿ ಇಟ್ಟು ನೋಡದೆ ಯಾವ ಯಂತ್ರಾನೂ ನಂಬಬಾರದಮ್ಮ. ತಪ್ಪು ತೋರಿಸಲಿ, ಪರವಾಗಿಲ್ಲ. ಎಷ್ಟು ತಪ್ಪು ಅಂತ ನಮಗೆ ಗೊತ್ತಿರಬೇಕು."

ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಉಷ್ಣತೆ ಅಳೆಯುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯ ಮೇಲೆ ಶಂಕರಘಟ್ಟದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಾ, ಅಲ್ಲಿನ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ಕಲಿತಿದ್ದರು. ಕರಿಯ ಕಬ್ಬಿಣದಂಥ ಬೆರಳು. ಕೀಬೋರ್ಡಿನ ಒಂದೊಂದು ಅಕ್ಷರವನ್ನೂ ಗುಂಡಿ ಒತ್ತಿ ಯಂತ್ರ ಚಾಲೂ ಮಾಡಿದ ಹಾಗೆ ಒತ್ತುತ್ತಿದ್ದರು. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ, ಕಂಪ್ಯೂಟರಿನ ಹತ್ತಿರ ಎರಡೂ.

ನಮ್ಮದು ಸಣ್ಣ ಧರ್ಮಾರ್ಥ ಚಿಕಿತ್ಸಾಲಯ. ಸಕ್ಕರೆ ಕಾಯಿಲೆಯ ಮಕ್ಕಳಿಗೆ ಇನ್ಸುಲಿನ್ ಕೊಡುತ್ತೇವೆ. ಫ್ರಿಜ್ಜಿನ ಡಿಗ್ರಿಯನ್ನು ಬೆಳಿಗ್ಗೆ ಸಂಜೆ ಪುಸ್ತಕದಲ್ಲಿ ಬರೆಯುವವಳು ನಾನು. ಒಂದು ಶನಿವಾರ ಹೋದ ಕರೆಂಟು ಭಾನುವಾರ ಸಂಜೆ ಬಂತು. ರಜೆಯಾದ್ದರಿಂದ ನಮಗಾರಿಗೂ ಗೊತ್ತಾಗಲಿಲ್ಲ. ಸೋಮವಾರ ನೋಡಿದಾಗ ಐದೇ ಇತ್ತು, ಐದು ಅಂತ ಬರೆದೆ. ಆ ವಾರ ಒಬ್ಬ ಹುಡುಗಿ ಸಕ್ಕರೆ ಏರಿ ಐಸಿಯು ಸೇರಿದಳು. ಮುಚ್ಚಿದ ಕೋಣೆಯ ಬೇಸಿಗೆ ಕಾವಿಗೆ ಔಷಧಿ ಸತ್ತುಹೋಗಿತ್ತು. ಹುಡುಗಿ ಉಳಿದಳು, ದಾನಿಗಳ ನಂಬಿಕೆ ಉಳಿಯಲಿಲ್ಲ. ಗಂಟೆಗೊಮ್ಮೆ ತೆಗೆದ ಏಳು ದಿನದ ದಾಖಲೆ, ಒಂದು ಗಂಟೆಯೂ ತಪ್ಪದ ಹಾಗೆ ಕಳಿಸಿದರೆ ಮಾತ್ರ ಮುಂದಿನ ಇನ್ಸುಲಿನ್ ಪೆಟ್ಟಿಗೆ ಅಂದರು. ಶಿವಮೊಗ್ಗದಲ್ಲಿ ಕಾಡಿ ಬೇಡಿ ತಂದ ಔಷಧಿ ಹತ್ತು ದಿನಕ್ಕಾಗುವಷ್ಟಿತ್ತು.

ಪೆರುಮಾಳಣ್ಣನನ್ನು ಕರೆಸಿದ್ದು ಆಗಲೇ. ಅವತ್ತು ಚೊಂಬಿನ ಐಸು ಮೂರು ಸಲ ಕರಗಿತು. ಸೆನ್ಸರ್ ಇದೆ ಅಂತ ಕಂಪ್ಯೂಟರ್ ಒಪ್ಪಿಕೊಳ್ಳುತ್ತಿತ್ತು, ಓದು ಅಂದರೆ ಅನುಮತಿ ಇಲ್ಲ ಅನ್ನುತ್ತಿತ್ತು. "ಮನೆ ಒಳಗೆ ಕೂರಿಸಿ ನೀರು ಕೊಡಲ್ಲ ಅಂತಾನಮ್ಮ ಇವನು" ಅಂತ ಗೊಣಗಿ, ಮುಖ್ಯ ಪಾಸ್‌ವರ್ಡ್ ಹಾಕಿ ಅನುಮತಿ ಕೊಟ್ಟರು. ಸೊನ್ನೆ ತೋರಿಸಬೇಕಾದ ಐಸಿನಲ್ಲಿ ಒಂದೂವರೆ ತೋರಿಸಿತು. ಪ್ರತಿ ಲೆಕ್ಕದಲ್ಲೂ ಒಂದೂವರೆ ಕಳೆಯುವಂತೆ ಬರೆದು, ತುದಿಯನ್ನು ಫ್ರಿಜ್ಜಿನೊಳಗೆ ಇಳಿಬಿಟ್ಟರು.

ಮರುದಿನ ಸಂಜೆ ನಾವು ಬಾಗಿಲು ಹಾಕಿಕೊಂಡು ಹೋದಮೇಲೆ ಎರಡು ನಿಮಿಷ ಕರೆಂಟು ಹೋಯಿತು. ಕಂಪ್ಯೂಟರ್ ತಾನೇ ಮತ್ತೆ ಶುರುವಾಯಿತು, ಆದರೆ ಕೈಯಾರೆ ಕೊಟ್ಟಿದ್ದ ಅನುಮತಿ ಅಳಿಸಿಹೋಗಿತ್ತು. ಬೆಳಿಗ್ಗೆ ನೋಡಿದರೆ ಹದಿಮೂರು ಗಂಟೆಯ ಜಾಗ ಖಾಲಿ.  ಹೋಗಿದ್ದು ಎರಡೇ ನಿಮಿಷ, ಫ್ರಿಜ್ ತಣ್ಣಗೇ ಇತ್ತಲ್ಲ, ಐದು ಅಂತ ತುಂಬಿಸಿಬಿಡಿ ಅಂತ ಅಂಗಲಾಚಿದೆ.

ಅವರು ತಲೆ ಎತ್ತಲಿಲ್ಲ. "ನೋಡದ ಡಿಗ್ರಿ ಬರೆಯೋಕೆ ನನಗೆ ಬರಲ್ಲಮ್ಮ. ಆ ಸೋಮವಾರ ನೀವು ಬರೆದದ್ದೂ ಐದೇ ಅಲ್ವಾ?"

ನಾನು ಅತ್ತುಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟು, ಈ ಸೆನ್ಸರನ್ನು ಯಾವಾಗ ಚುಚ್ಚಿದರೂ ಓದಲು ಬಿಡು ಅಂತ ಒಂದು ಸಾಲಿನ ನಿಯಮ ಬರೆದು ಕಂಪ್ಯೂಟರಿನಲ್ಲಿ ಶಾಶ್ವತವಾಗಿ ಇಟ್ಟರು. ಹತ್ತು ಸಲ ಸ್ವಿಚ್ಚು ಆರಿಸಿ ಹಾಕಿ ನೋಡಿದರು. ಮಧ್ಯಾಹ್ನ ತಮ್ಮ ಮನೆಯ ಇನ್ವರ್ಟರನ್ನೇ ಬ್ಯಾಟರಿ ಸಮೇತ ಸೈಕಲ್ಲಿಗೆ ಕಟ್ಟಿ ತಂದರು. ಮತ್ತೆ ಒಂದನೇ ಗಂಟೆಯಿಂದ ಶುರು. ಎಂಟು ದಿನದ ಔಷಧಿ, ಏಳು ದಿನದ ದಾಖಲೆ, ಪೆಟ್ಟಿಗೆ ಬರಲು ಒಂದು ದಿನ.

ಆ ಏಳು ದಿನವೂ ನಾಲ್ಕು ಗಂಟೆಗೆ ಸರಿಯಾಗಿ ಬಂದು, ಹಳೆಯ ಗಾಜಿನ ಥರ್ಮಾಮೀಟರಿನ ಜೊತೆ ಸೆನ್ಸರನ್ನು ಹೋಲಿಸಿ ನೋಡುತ್ತಿದ್ದರು. ಐದನೆಯ ದಿನ ಅವರ ಎಡಗಾಲಿಗೆ ಬಟ್ಟೆ ಸುತ್ತಿತ್ತು. ಕೇಳಿದೆ. ಚಪ್ಪಲಿ ಕಚ್ಚಿದೆ ಅಂದರು. ಅವರಿಗೂ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ದಿನಾ ಪಾದ ನೋಡಿಕೊಳ್ಳಿ ಅಂತ ಬಂದವರಿಗೆಲ್ಲ ಹೇಳುವ ನಾನು, ಬಟ್ಟೆ ಬಿಚ್ಚಿ ಅನ್ನಲಿಲ್ಲ. ನನಗೆ ಏಳನೆಯ ದಿನ ಮುಗಿಯಬೇಕಿತ್ತು.

ಮುಗಿಯಿತು. ಪೆಟ್ಟಿಗೆ ಬಂತು, ಎಂಟನೆಯ ದಿನವೇ. ಅವತ್ತು ನಾಲ್ಕು ಗಂಟೆಗೆ ಪೆರುಮಾಳಣ್ಣ ಬರಲಿಲ್ಲ. ಮರುದಿನ ಅವರ ಮಗಳ ಫೋನು ಬಂತು.

ನಾನು ಹೋಗುವಷ್ಟರಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಅವರ ಎಡಗಾಲು ತೆಗೆದಿದ್ದರು. ಜ್ವರ ಇಳಿದಿರಲಿಲ್ಲ. ಬ್ಯಾಟರಿ ಎತ್ತಿ ಇಳಿಸಿ ನೋವಾಗಿದೆ ಅಂತ ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದರಂತೆ. ಚರ್ಮ ಸುಲಿದಿದ್ದು ಕಣ್ಣಿಗೆ ಕಂಡಮೇಲೇ ಗೊತ್ತಾಗಿದ್ದು.

"ಈ ಕಾಲಿಗೆ ಸೊನ್ನೆಯೂ ಒಂದೇ, ನೂರೂ ಒಂದೇ ಆಗೋಗಿತ್ತಮ್ಮ. ನೀರಿಗೆ ಮೊದಲು ಕೈ ಹಾಕಿ ನೋಡಬೇಕಿತ್ತು" ಅಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, "ಇವತ್ತು ಎಷ್ಟಿದೆ?" ಅಂದರು.

"ಐದು."

"ನೋಡಿ ಬಂದ್ರಾ?"

ಬಸ್ಸು ತಪ್ಪುತ್ತದೆ ಅಂತ ಓಡಿ ಬಂದಿದ್ದೆ, ನೋಡಿರಲಿಲ್ಲ. ಇಲ್ಲ ಅಂತ ತಲೆಯಾಡಿಸಿದೆ. ಅವರು ಬೈಯಲಿಲ್ಲ. "ನೋಡಿ ಬಂದು ಹೇಳಿ" ಅಂತ ಕಣ್ಣು ಮುಚ್ಚಿದರು.

ಭದ್ರಾವತಿಗೆ ಹಿಂತಿರುಗಿದವಳು ಮನೆಗೂ ಹೋಗದೆ ನೋಡಿದೆ. ಐದೂವರೆ. ಚೀಟಿಯಲ್ಲಿ ಬರೆದುಕೊಂಡು ಮರುದಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ. ಆಯಾ ಪೆರುಮಾಳಣ್ಣನ ಖಾಲಿ ಮಂಚಕ್ಕೆ ಬೇರೆ ಚಾದರ ಹಾಸುತ್ತಿದ್ದಳು. ರಾತ್ರಿಯೇ ತೀರಿಕೊಂಡರು ಅಂದಳು.

ಚೀಟಿ ಈಗ ಸೆನ್ಸರಿನ ತಂತಿಗೆ ಅಂಟಿಸಿದೆ. ಐದೂವರೆ. ನೋಡಿ ಬರೆದದ್ದು.