ಸಂಕಟ ಎಲ್ಲಿ ಎಂದು ಕೇಳಿದವರು

ಡಾಕ್ಟ್ರಮ್ಮ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅದೂ ಗಿರ್ರನೆ ತಿರುಗುವ ಚಕ್ರದ ಕುರ್ಚಿ. ಮೇಜಿನ ಕೆಳಗೆ ಅವರ ಚಪ್ಪಲಿಗಳು ಆ ಕಡೆಗೊಂದು ಈ ಕಡೆಗೊಂದು ಬಿದ್ದಿರುತ್ತಿದ್ದವು. ಮಾತು ಸ್ವಾರಸ್ಯ ಅನ್ನಿಸಿದರೆ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಸಮೇತ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮೊದಲ ದಿನ ನಾನು ಅವರ ಮುಖ ನೋಡಲಿಲ್ಲ. ಹೊಸಬರ ಮುಖ ನೋಡುವುದು ನನ್ನಿಂದ ಆಗುವುದೂ ಇಲ್ಲ. ಚಪ್ಪಲಿಗಳನ್ನೇ ನೋಡುತ್ತಿದ್ದೆ. ಅಷ್ಟು ದೊಡ್ಡ ಡಾಕ್ಟರ ಚಪ್ಪಲಿಯ ಬಾರು ಕಿತ್ತು, ಅದಕ್ಕೊಂದು ಪಿನ್ನು ಚುಚ್ಚಿದ್ದು ಕಂಡಿತು. ಪರವಾಗಿಲ್ಲ, ಇವರ ಹತ್ತಿರ ಮಾತಾಡಬಹುದು ಅನ್ನಿಸಿತು.

ಅವರದು ಮನಸ್ಸಿನ ವೈದ್ಯ. ಹಾಸನದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಕ್ಲಿನಿಕ್ಕು. ಹುಟ್ಟಿದ್ದು ಮಂಗಳೂರಿನ ಕಡೆ. ಮದುವೆಯಾಗಿ ಇತ್ತ ಬಂದು ತಲೆ ಬೆಳ್ಳಗಾಗಿದ್ದರೂ ಅವರ ಮಾತು ಮಾತ್ರ ಇನ್ನೂ ಘಟ್ಟ ಹತ್ತಿರಲಿಲ್ಲ.

ನಾನು ಅರಕಲಗೂಡಿನವಳು. ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಲೆಕ್ಕ ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ, ಮಕ್ಕಳೂ ಕೊಟ್ಟಿಲ್ಲ. ಕೊಟ್ಟಿದ್ದು ಉಳಿದದ್ದೆಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಟ್ಟಿಗೆ ಆಡುವ ಮಾತು, ಸ್ಟೀಲ್ ಡಬ್ಬಿಗಳ ಸದ್ದು, ನೆತ್ತಿಯ ಮೇಲೇ ಬಡಿದಂತಾಗುವ ಕರೆಂಟು ಗಂಟೆ. ಮೂವತ್ತು ದಾಟುವವರೆಗೆ ಹಲ್ಲು ಕಚ್ಚಿಕೊಂಡು ಹೇಗೋ ನಿಭಾಯಿಸಿದೆ. ಆಮೇಲೆ ಆಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗುವುದು, ಎದೆ ಡವಡವ ಅನ್ನುವುದು, ಮನೆಗೆ ವಾಪಸ್ಸು ಬರುವುದು. ರಜೆಯ ಮೇಲೆ ರಜೆ ಹಾಕಿದೆ. ಜೂನ್‌ನಲ್ಲಿ ಶಾಲೆ ಶುರುವಾದಾಗಲೂ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಹೆಡ್‌ಮಾಸ್ಟರು ಮುಖ ಸಣ್ಣದು ಮಾಡಿಕೊಂಡೇ ಹೇಳಿದರು. ಕರಿಹಲಗೆಯ ಮುಂದೆ ನಿಂತಾಗ ಮಾತ್ರ ನಾನು ಜನರ ನಡುವೆ ನೆಮ್ಮದಿಯಾಗಿರುವುದು. ಅದೊಂದೂ ಕೈಬಿಟ್ಟು ಹೋಗುವುದರಲ್ಲಿತ್ತು.

ಆ ಮೊದಲ ದಿನ ಡಾಕ್ಟ್ರಮ್ಮ ಪ್ರಶ್ನೆ ಕೇಳಿದ್ದು ನನ್ನನ್ನು, ಉತ್ತರ ಕೊಟ್ಟಿದ್ದು ಜೊತೆಗೆ ಬಂದಿದ್ದ ಅಮ್ಮ.

“ಇವ್ಳು ಮೊದ್ಲಿಂದ್ಲೂ ಇಂಗೇಯ ಮೇಡಮ್ನೋರೆ. ಯಾರಾದ್ರೂ ನೆಂಟ್ರು ಬಂದ್ರೆ ಒಳೀಕೋಗಿ ಕೂತ್ಕತಾಳೆ. ಮದ್ವೆ ಮನೇಲಿ ಕಿವಿ ಮುಚ್ಕೊಂಡು ನಿಂತ್ಕತಾಳೆ. ನಾಕ್ ಜನ ನೋಡುದ್ರೆ ಏನಂತಾರೆ?”

“ಹೌದಾ ಅಮ್ಮ? ನೀವು ಸ್ವಲ್ಪ ನೀರು ಕುಡೀರಿ,” ಎಂದು ಡಾಕ್ಟ್ರಮ್ಮ ತಮ್ಮ ಬಾಟಲಿಯನ್ನೇ ಅಮ್ಮನ ಕೈಗೆ ಕೊಟ್ಟರು. ಅಮ್ಮ ಕುಡಿಯುವಷ್ಟರಲ್ಲಿ ನನ್ನತ್ತ ತಿರುಗಿದರು. “ನಿದ್ದೆ ಹೇಗೆ ಬರ್ತದೆ ನಿನಗೆ?”

ನಾನು ಯೋಚಿಸಿ ಹೇಳಿದೆ: “ಹೇಗೆ ಬರುತ್ತೆ ಅಂತ ನೋಡೋಷ್ಟರಲ್ಲಿ ಬಂದ್ಬಿಟ್ಟಿರುತ್ತೆ ಮೇಡಂ. ನೋಡೋಕಾಗಲ್ಲ.”

ಅಮ್ಮ ಹಣೆ ಚಚ್ಚಿಕೊಂಡಳು. ಡಾಕ್ಟ್ರಮ್ಮ ಮೇಜು ಹಿಡಿದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಅಯ್ಯೋ ಮಾರಾಯ್ತಿ, ಸರಿಯಾದ ಮಾತು! ಪ್ರಶ್ನೆಯೇ ತಪ್ಪು.” ಅವರು ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ. ಆದರೂ ಆ ನಗುವಿನಲ್ಲಿ ಗೇಲಿ ಇರಲಿಲ್ಲ ಎನ್ನುವುದು ನನಗೂ ಗೊತ್ತಾಯಿತು.

ಕೆಲವು ಸಲ ಹೋಗಿ ಬಂದ ಮೇಲೆ ಅವರು ನನ್ನದು ಆಟಿಸಂ ಎಂದರು. ಅಮ್ಮನಿಗೆ ರೇಗಿತು. “ಅದು ಗಂಡುಡುಗ್ರಿಗೆ ಬರಾದಲ್ವಾ? ಇವ್ಳು ಎಂಎಸ್ಸಿ ಮಾಡವ್ಳೆ ಕಣಿ!”

“ಹೆಣ್ಣುಮಕ್ಕಳಲ್ಲಿ ನಾವು ಸರಿಯಾಗಿ ನೋಡ್ಲೇ ಇಲ್ಲ ಅಮ್ಮ, ಅಷ್ಟೇ. ಇವಳು ಬೇರೆಯವರನ್ನು ನೋಡಿ ನೋಡಿ ಅವರ ಹಾಗೆ ಇರ್ಲಿಕ್ಕೆ ಕಲಿತಿದ್ದಾಳೆ. ಇಡೀ ದಿನ ಅದೇ ಕೆಲಸ. ಸುಸ್ತಾಗದೆ ಎಂತ ಮಾಡ್ತದೆ?”

ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ. ನನ್ನದು ಕೊಬ್ಬಲ್ಲ, ಜಂಬವಲ್ಲ, ನಾಟಕವಲ್ಲ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದರಲ್ಲ ಎಂದು.

ಆಮೇಲೆ ಮಾತ್ರೆಯ ಮಾತು ಬಂತು. ಅವರು ಹೇಳಿದ ಹೆಸರನ್ನು ನಾನು ಅಲ್ಲೇ ಫೋನಿನಲ್ಲಿ ಹುಡುಕಿ ನೋಡಿದೆ. ಖಿನ್ನತೆಗೆ ಕೊಡುವ ಮಾತ್ರೆ ಎಂದಿತ್ತು. “ನನಗೆ ಡಿಪ್ರೆಶನ್ ಇಲ್ವಲ್ಲ ಮೇಡಂ, ಮತ್ತೆ ಅದರ ಮಾತ್ರೆ ಯಾಕೆ?” ಎಂದು ಜಗಳಕ್ಕೇ ನಿಂತೆ.

“ಹೆಸರಿಟ್ಟವರಿಗೆ ಅವಸರ ಇತ್ತು, ಎಂತ ಮಾಡುವುದು! ಆತಂಕಕ್ಕೂ ಇದನ್ನೇ ಕೊಡ್ತೇವೆ. ಒಂದು ತಿಳ್ಕೋ, ಇದು ನಿನ್ನ ಆಟಿಸಂಗೆ ಅಲ್ಲ. ಅದಕ್ಕೆ ಮಾತ್ರೆ ಇಲ್ಲ. ಇದು ಆ ಡವಡವಕ್ಕೆ. ಸುಮಾರು ಜನರಿಗೆ ಉಪಯೋಗ ಆಗ್ತದೆ. ನಿನ್ನಂಥ ಹೆಂಗಸರಿಗೆ ಎಷ್ಟು ಆಗ್ತದೆ ಅಂತ ಕೇಳಿದರೆ ನನಗೆ ಸರಿ ಗೊತ್ತಿಲ್ಲ. ಹೆಚ್ಚು ಯಾರೂ ನೋಡ್ಲಿಲ್ಲ. ನಾವಿಬ್ಬರು ನೋಡುವ.”

ಗೊತ್ತಿಲ್ಲ ಎಂದು ಹೇಳಿದ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದಕ್ಕೇ ನಂಬಿಕೆ ಬಂತು. ಮೆಟ್ಟಿಲಿಳಿಯುವಾಗ ಅಮ್ಮ ಮಾತ್ರ, “ಉಚ್ಚಿಡ್ದೋರ್ ನುಂಗೋ ಮಾತ್ರೆ ಅಂತ ಊರ್ ತುಂಬ ಆಡ್ಕೋತಾರೆ ಕಣೇ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಾತ್ರೆ ಶುರುಮಾಡಿದ ಕೆಲವೇ ದಿನಕ್ಕೆ ಎಡವಟ್ಟಾಯಿತು. ನಾನು ಫೋನಿನಲ್ಲಿ ಮಾತಾಡುವುದಿಲ್ಲ, ಅಮ್ಮನೇ ಡಾಕ್ಟ್ರಮ್ಮನಿಗೆ ಫೋನು ಮಾಡಿದಳು. “ಮೇಡಮ್ನೋರೆ, ಬೆಳಿಗ್ಗೆಯಿಂದ ಸಂಕಟ ಸಂಕಟ ಅಂತ ಕೂತವ್ಳೆ. ಭಾಳ ಸಂಕಟ ಪಡ್ತಾವ್ಳೆ.”

ನಮ್ಮ ಕಡೆ ಹೊಟ್ಟೆ ತೊಳಸಿದರೂ ಸಂಕಟವೇ, ವಾಂತಿ ಬರುವ ಹಾಗಾದರೂ ಸಂಕಟವೇ. ಬಸ್ಸಿನಲ್ಲಿ ಸಂಕಟವಾಗುತ್ತದೆಂದು ನಿಂಬೆಹಣ್ಣು ಹಿಡಿದುಕೊಂಡು ಹೊರಡುವ ಜನ ನಾವು. ಡಾಕ್ಟ್ರಮ್ಮನ ಊರಿನಲ್ಲಿ ಸಂಕಟವೆಂದರೆ ದುಃಖ, ಮನಸ್ಸಿನ ನೋವು. ಅಷ್ಟು ವರ್ಷ ಹಾಸನದಲ್ಲಿದ್ದೂ ಅವರಿಗಿದು ಹೊಳೆದಿರಲಿಲ್ಲ. ತಮ್ಮ ಹತ್ತಿರ ಬಂದು ಸಂಕಟ ಅಂದವರಿಗೆಲ್ಲ ಮನಸ್ಸಿನದೇ ಇರಬೇಕು ಅಂದುಕೊಂಡಿದ್ದರಂತೆ. ಪಾಪ ಹುಡುಗಿ ಒದ್ದಾಡುತ್ತಿದ್ದಾಳೆ ಎಂದು ಮಾತ್ರೆಯನ್ನು ಹೆಚ್ಚು ಮಾಡಿದರು.

ಅದಾದ ಮೇಲೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಮೈಯೊಳಗೆ ಯಾರೋ ಪಂಪ್‌ಸೆಟ್ ಆನ್ ಮಾಡಿ ಮರೆತು ಹೋದ ಹಾಗೆ. ಅಂಗಳದಲ್ಲಿ ಸುತ್ತುತ್ತಲೇ ಇದ್ದೆ, ಅಮ್ಮ ಊಟದ ತಟ್ಟೆ ಹಿಡಿದು ನನ್ನ ಹಿಂದೆ ಸುತ್ತುತ್ತಿದ್ದಳು. ಕಡೆಗೆ ಕೈಹಿಡಿದು ಹಾಸನಕ್ಕೆ ಕರೆದುಕೊಂಡು ಹೋದಳು.

ಡಾಕ್ಟ್ರಮ್ಮ ನನ್ನ ಕಾಲುಗಳನ್ನು ನೋಡಿದರು. ಅವು ಒಂದು ಕಡೆ ನಿಲ್ಲುತ್ತಿರಲಿಲ್ಲ. “ಆ ದಿನ ಸಂಕಟ ಆಯ್ತು ಅಂದರಲ್ಲ, ಎಲ್ಲಿ ಆದದ್ದು? ಮುಟ್ಟಿ ತೋರಿಸು.”

ನಾನು ಹೊಟ್ಟೆ ಮುಟ್ಟಿ ತೋರಿಸಿದೆ.

“ಅಲ್ಲಿಯಾ? ಮನಸ್ಸಿಗೆ ಅಲ್ವಾ?”

“ಇಲ್ಲ ಮೇಡಂ. ವಾಂತಿ ಬರೋ ಹಾಗೆ.”

ಅವರ ಕಾಲುಗಳು ಕುರ್ಚಿಯಿಂದ ಕೆಳಗಿಳಿದವು. ಚಪ್ಪಲಿಯನ್ನೂ ಮೆಟ್ಟದೆ ಎದ್ದು ನಿಂತರು. “ಅಮ್ಮ, ತಪ್ಪು ನನ್ನದು. ಈ ಮಾತ್ರೆ ಮೊದಲಿಗೆ ಹೊಟ್ಟೆಯನ್ನೇ ಕೆಡಿಸುವುದು. ನಾನು ಒಂದು ಮಾತು ತಿರುಗಿ ಕೇಳಬೇಕಿತ್ತು. ಕೇಳದೆ ಹೆಚ್ಚು ಮಾಡಿದೆ.”

ಅಷ್ಟು ದೊಡ್ಡವರು ಹಾಗೆ ಎದ್ದು ನಿಂತಿದ್ದು ಕಂಡು ಅಮ್ಮನೇ ಗಾಬರಿಯಾದಳು. “ಅಯ್ಯೋ ಬುಡಿ ಮೇಡಮ್ನೋರೆ, ಕೂತ್ಕಳಿ, ಕೂತ್ಕಳಿ,” ಎಂದಳು. ಬರುವಾಗ ಬಸ್ಸಿನಲ್ಲೆಲ್ಲ ಅವರನ್ನು ಬೈದುಕೊಂಡೇ ಬಂದಿದ್ದವಳು ಅವಳು.

ಆ ಮಾತ್ರೆಯನ್ನು ಇಳಿಸಿ ಇಳಿಸಿ ನಿಲ್ಲಿಸಿದರು. ಇನ್ನು ಜನ್ಮದಲ್ಲಿ ಮಾತ್ರೆ ಬೇಡ ಎಂದೆ. ಅವರು ಒತ್ತಾಯ ಮಾಡಲಿಲ್ಲ. “ಬೇಡ ಅಂದರೆ ಬೇಡ. ಆದರೆ ನೀನು ಬಾ. ನಿಮ್ಮ ಕಡೆ ಮಾತುಗಳನ್ನು ನನಗೆ ಸರಿಯಾಗಿ ಹೇಳಿಕೊಡು,” ಎಂದರು. ದಿಗಿಲು ಎಲ್ಲಿ? ಗಾಬರಿ ಬೇರೆಯಾ? ತಳಮಳ ಅಂದರೆ ಎಂತದು? ಬೇಜಾರು? ಇಂಥ ಕೆಲಸ ನನಗೆ ಖುಷಿ. ದಿಗಿಲು ಎದೆಯಲ್ಲಿ, ಗಾಬರಿ ಕೈಯಲ್ಲಿ, ತಳಮಳ ಹೊಟ್ಟೆಗೂ ಎದೆಗೂ ನಡುವೆ ಎಂದೆ. ಬೇಜಾರನ್ನು ಎಲ್ಲದಕ್ಕೂ ಬಳಸುತ್ತೇವೆ, ಅದನ್ನು ನೆಚ್ಚಿಕೊಳ್ಳಬೇಡಿ ಎಂದೂ ಹೇಳಿದೆ. ಡಾಕ್ಟ್ರಮ್ಮ ಮಕ್ಕಳ ಹಾಗೆ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಭಾನುವಾರ ಕೊರವಂಗಲದ ದೇವಸ್ಥಾನಕ್ಕೆ ಹೋದಾಗ ಅಲ್ಲಿ ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸರನ್ನೂ ನಿಲ್ಲಿಸಿ ಕೇಳಿದರಂತೆ. ಅವರಲ್ಲೊಬ್ಬಾಕೆ, “ಇವಮ್ಮನ್ಗೆ ಏನಾಗದೆ?” ಅಂದಳಂತೆ. ಅದನ್ನು ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹಾಗೆ ಬಿಡಿಸಿ ಹೇಳುತ್ತಾ ಹೋದಾಗಲೇ ನನಗೊಂದು ಸಂಗತಿ ತಿಳಿದಿದ್ದು. ಶಾಲೆಯ ಗಂಟೆ ಹೊಡೆದಾಗ ನನಗೆ ಆಗುವುದು ದಿಗಿಲಲ್ಲ, ನೋವು. ದಿಗಿಲು ಬರುವುದು ಹಿಂದಿನ ಸಂಜೆ, ನಾಳೆ ಗಂಟೆ ಹೊಡೆಯುತ್ತದಲ್ಲ ಎಂದು. ಅಷ್ಟು ವರ್ಷ ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡಿದ್ದೆ.

ಡಾಕ್ಟ್ರಮ್ಮ ಕುರ್ಚಿ ಎಳೆದುಕೊಂಡರು. “ಹಾಗಾದರೆ ಮಾತ್ರೆ ಗಂಟೆಯ ಸದ್ದು ಕಡಿಮೆ ಮಾಡ್ಲಿಕ್ಕಿಲ್ಲ. ಅದಕ್ಕೆ ಹೆಡ್‌ಮಾಸ್ಟರ ಹತ್ತಿರ ಮಾತಾಡಬೇಕು. ದಿಗಿಲಿಗೆ ಬೇಕಾದರೆ ಇನ್ನೊಮ್ಮೆ ನೋಡಬಹುದು. ಬೇರೆ ಮಾತ್ರೆ, ಚೂರೇ ಚೂರು.”

“ಅದನ್ನ ತಗೊಂಡ್ರೆ ನಾನು ನಾನಾಗೇ ಇರ್ತೀನಾ ಮೇಡಂ?” ಒಳಗೆ ಕೊರೆಯುತ್ತಿದ್ದ ಪ್ರಶ್ನೆ ಅದು. ಬಾಯಿಗೆ ಬಂದಿದ್ದು ಆವತ್ತು.

“ಅದನ್ನು ನೋಡಿ ಹೇಳಬೇಕಾದವಳು ನೀನೇ. ಇಲ್ಲ ಅನ್ನಿಸಿದ ದಿನ ಬಾ, ನಿಧಾನ ಇಳಿಸುವ. ಒಮ್ಮೆಲೇ ಬಿಡಬಾರದು, ಅದೊಂದು.”

ಮನೆಗೆ ಬಂದು ಬಹಳ ಯೋಚನೆ ಮಾಡಿದೆ. ಮಾಡಿ, ಹೂಂ ಅಂದೆ. ಮಾತ್ರೆಯನ್ನು ಮುರಿದು ಸಣ್ಣ ಚೂರಿನಿಂದ ಶುರುಮಾಡಿದೆವು. ಸಂಕಟ ಈ ಸಲವೂ ಆಯಿತು, ಹೊಟ್ಟೆಯದೇ, ಬಂದು ಹೋಯಿತು. ಹೆಡ್‌ಮಾಸ್ಟರು ನನಗೆ ಗಂಟೆಯಿಂದ ದೂರವಿದ್ದ ತುದಿಯ ಕೊಠಡಿ ಕೊಟ್ಟರು. ಜೂನ್‌ನಲ್ಲಿ ಬಸ್ಸು ಹತ್ತಿದೆ. ಹಗಲೆಲ್ಲ ಆಕಳಿಕೆ ಬರುತ್ತಿತ್ತು, ಅದು ಮಾತ್ರೆಯ ಉಪಟಳ. ಸ್ಟಾಫ್ ರೂಮಿನ ಡಬ್ಬಿಗಳ ಸದ್ದೂ ಮೊದಲಿನ ಹಾಗೇ ಇತ್ತು. ಆದರೆ ಸಂಜೆ ಕಾಫಿ ಕುಡಿಯುತ್ತಾ ಕೂತಾಗ ಎದೆ ಸುಮ್ಮನಿತ್ತು. ಇಷ್ಟು ಸುಮ್ಮನೆ ಜನ ಬದುಕುತ್ತಾರಾ ಎಂದು ಆಶ್ಚರ್ಯವಾಯಿತು. ಇದನ್ನು ಹೇಳಿದಾಗ ಡಾಕ್ಟ್ರಮ್ಮ, “ಪೂರ್ತಿ ಸುಮ್ಮನೆಯಾ? ಅರ್ಧವಾ? ಹೇಳು ಹೇಳು,” ಎಂದು ಜೀವ ತಿಂದರು.

ಹೋದ ವರ್ಷ ಅವರು ತೀರಿಕೊಂಡರು. ಹೃದಯ ನಿಂತುಹೋಯಿತಂತೆ, ಬಟ್ಟೆ ಒಣಗಿಸಲು ಮನೆಯ ಮಹಡಿಗೆ ಹೋದವರು ಅಲ್ಲೇ ಕುಸಿದರಂತೆ. ನನ್ನ ಮಾತನ್ನು ಅಷ್ಟು ಆಸೆಯಿಂದ ಕೇಳಿಸಿಕೊಂಡವರು ಇನ್ನೊಬ್ಬರಿಲ್ಲ.

ಮಾತ್ರೆಗಾಗಿ ಹಾಸನದಲ್ಲೇ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಬೇಕಾಯಿತು. ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ನಾನು ನೆಲ ನೋಡುತ್ತಾ ಕೂತಿದ್ದು ಕಂಡು ಅಮ್ಮನನ್ನು ಕೇಳಿದರು: “ಹೇಗಿದ್ದಾರಮ್ಮ ನಿಮ್ಮ ಮಗಳು? ಇಷ್ಟು ದಿನ ಆಯ್ತಲ್ಲ, ಮಾತ್ರೆ ನಿಲ್ಲಿಸಿಬಿಡೋಣವಾ?”

ನನಗೆ ಕೈ ತಣ್ಣಗಾಯಿತು. ಅಮ್ಮ ಏನಾದರೂ ಹೂಂ ಅಂದುಬಿಟ್ಟರೆ ಶಾಲೆಯ ಗತಿ? ಅಮ್ಮ ಸೆರಗು ಸರಿಮಾಡಿಕೊಂಡು ಬಾಯಿ ತೆರೆದಳು.

“ನನ್ಯಾಕ್ ಕೇಳ್ತೀರಾ ಸಾ? ನುಂಗೋಳು ಅವ್ಳು. ಅವ್ಳನ್ನೇ ಕೇಳಿ.”

ದಿಗಿಲು ಎಲ್ಲಿ, ನೋವು ಎಲ್ಲಿ, ಮಾತ್ರೆ ಇನ್ನೂ ಯಾಕೆ ಬೇಕು ಎಂದು ನಾನು ಬಿಡಿಸಿ ಹೇಳಿದೆ. ಬಹಳ ಹೊತ್ತು ಹಿಡಿಯಿತು. ಹೊರಗೆ ಕಾಯುತ್ತಿದ್ದವರು ಬೈದುಕೊಂಡಿರಬೇಕು.