ಹರವಿಗೆ ಹಾಕದ ಪುಡಿ

ಹುಮನಾಬಾದಿನ ಓಣಿಗಳಲ್ಲಿ ಸೊಳ್ಳೆಮರಿ ಕೊಲ್ಲುವ ಪುಡಿ ಹಾಕುವುದು ನನ್ನ ನೌಕರಿ. ಪುಡಿ ಎಂದರೆ ವಿಷವಲ್ಲ, ಮಣ್ಣಿನಲ್ಲೇ ಇರುವ ಒಂದು ಬ್ಯಾಕ್ಟೀರಿಯಾ. ನೀರಿನಲ್ಲಿರುವ ಮರಿ ಅದನ್ನು ತಿಂದು ಹೊಟ್ಟೆ ಒಡೆದು ಸಾಯುತ್ತದೆ. ಮನುಷ್ಯರಿಗೆ, ದನಕರುಗಳಿಗೆ ಏನೂ ಆಗುವುದಿಲ್ಲ. ಇದನ್ನು ಹೇಳಿ, ಹಾಕಲೇ ಎಂದು ಎಷ್ಟು ಹೊಸ್ತಿಲುಗಳಲ್ಲಿ ನಿಂತು ಕೇಳಿದ್ದೇನೋ. ನಳದ ನೀರು ದಿನಾ ಬರುವುದಿಲ್ಲ, ಹಾಗಾಗಿ ಮನೆಮನೆಗೂ ಡ್ರಮ್ಮು. ಡೆಂಗಿ ಸೊಳ್ಳೆಗೆ ಅದೇ ತೊಟ್ಟಿಲು. 'ಕುಡಿಯೋ ನೀರಾಗ ಹುಳ ಬಿಡತೀರೇನ್ರಿ?' ಎಂದು ಒಬ್ಬ ಮುದುಕಿ ಅಡ್ಡ ನಿಂತಾಗ, ಪುಡಿ ಹಾಕಿದ ಆ ನೀರನ್ನೇ ಅವಳೆದುರು ಒಂದು ಚರಿಗೆ ಎತ್ತಿ ಕುಡಿದು ತೋರಿಸಿದೆ. ಎಂಥ ಮೂಢ ಮಂದಿ ಎಂದು ಸಂಜೆ ಬಸ್ಸಿನಲ್ಲಿ ಜೊತೆಗಾರನೊಡನೆ ನಗುತ್ತ ಬಸವಕಲ್ಯಾಣಕ್ಕೆ, ನನ್ನ ಮನೆಗೆ ಬಂದೆ.

ಮನೆಯ ಪೂಜೆಯ ಕೋಣೆಯಲ್ಲಿ ಅವ್ವನ ಅಗ್ಗಣಿಯ ಮಣ್ಣಿನ ಹರವಿ ಇತ್ತು. ಲಿಂಗಪೂಜೆಯ ನೀರು. ಸ್ನಾನ ಮಾಡದೆ ಯಾರೂ ಮುಟ್ಟುವಂತಿಲ್ಲ, ಎಂದೂ ಬರಿದು ಮಾಡುವಂತಿಲ್ಲ; ಇದ್ದ ನೀರಿನ ಮೇಲೇ ಹೊಸ ನೀರು. ಒಂದು ದಿನ ಹೆಂಡತಿ ಮೆಲ್ಲಗೆ ಅಂದಳು, 'ಊರ ಮಂದಿ ನೀರಿಗೆಲ್ಲ ಹಾಕತೀರಿ. ಅದಕ್ಕೂ ಒಂದು ಚಿಟಿಕಿ ಹಾಕ್ರಿ.'

ಅವ್ವನಿಗೆ ತಿಳಿದರೆ ಮನೆ ರಣರಂಗವಾಗುತ್ತದೆ, ನಿನಗೆ ಅದೆಲ್ಲ ಯಾಕೆ ಎಂದು ಗದರಿದೆ. ಆಚಾರ ಹೇಳಿ ಬದನೆಕಾಯಿ ತಿನ್ನುವ ಬುದ್ಧಿ ನನ್ನದು.

ಆ ಮಳೆಗಾಲದಲ್ಲಿ ಹೆಂಡತಿಗೆ ಡೆಂಗಿ ಜ್ವರ ಬಂತು. ಆರನೆಯ ದಿನ ಬೀದರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಡೆಂಗಿಯಿಂದ ಸಾವಾದ ಮನೆಯನ್ನು ತಪಾಸಣೆ ಮಾಡಲೇಬೇಕು. ಬಂದವನು ಬಸ್ಸಿನಲ್ಲಿ ನನ್ನೊಡನೆ ನಕ್ಕಿದ್ದ ಅದೇ ಜೊತೆಗಾರ. ಡ್ರಮ್ಮುಗಳು ಸ್ವಚ್ಛವಾಗಿದ್ದವು. ಹರವಿಯ ಬಾಯಿಗೆ ಬ್ಯಾಟರಿ ಹಿಡಿದು ಬಗ್ಗಿದ. ನಾನೂ ಬಗ್ಗಿ ನೋಡಿದೆ. ಮರಿಗಳು ಕುಣಿಯುತ್ತಿದ್ದವು. ಯಾವ ಸೊಳ್ಳೆ ಎಲ್ಲಿ ಕಚ್ಚಿತೋ ಹೇಳಲಾಗದು ಎಂದು ಅವನು ಸಮಾಧಾನ ಮಾಡಿದ. ಆ ಸುಳ್ಳು ಸಮಾಧಾನವನ್ನು ನಾನೂ ಎಷ್ಟೋ ಮನೆಗಳಲ್ಲಿ ಹೇಳಿ ಬಂದವನೇ.

ಅವನು ಹೋದ ಮೇಲೆ ನನ್ನ ಸಿಟ್ಟೆಲ್ಲ ಅವ್ವನ ಮೇಲೆ ತಿರುಗಿತು. ನಿನ್ನ ಪೂಜೆಗೆ ಹೆದರಿ ಅವಳನ್ನು ಕಳೆದುಕೊಂಡೆ ಎಂದುಬಿಟ್ಟೆ.

ಅವ್ವ ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು. 'ಕೇಳಿದ್ರ ಹಾಕು ಅಂತಿದ್ದೆನಲ್ಲೋ. ನೀ ನನಗ ಒಂದು ಮಾತು ಕೇಳಿದ್ಯೇನು?'

ಕೇಳಿರಲಿಲ್ಲ. ಹುಮನಾಬಾದಿನಲ್ಲಿ ಮಾತ್ರ ಒಂದು ಮನೆಯನ್ನೂ ಬಿಡದೆ ಕೇಳಿದ್ದೆ.